ಯಾವ ಪ್ರಶ್ನೆಗೆ ಉತ್ತರ ಸಿಗಲೇಬೇಕು? ರಹಸ್ಯ ಧಾರಾವಾಹಿಗಳ ಕೊನೆಯ ಕಂತಿನ ಕಷ್ಟ

2010ರ ಮೇ 23ರ ರಾತ್ರಿ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ‘ಲಾಸ್ಟ್’ ಧಾರಾವಾಹಿ ಮುಗಿಯಿತು. ವಿಮಾನ ಬಿದ್ದು ದ್ವೀಪವೊಂದರಲ್ಲಿ ಸಿಕ್ಕಿಬಿದ್ದವರ ಕಥೆ, ಆರು ಸೀಸನ್, 121 ಕಂತು. ಕೊನೆಯ ದಿನ ಟಿವಿ ಮುಂದೆ ಕೂತಿದ್ದವರು ಸುಮಾರು 1.35 ಕೋಟಿ ಜನ. ಕಥೆ ಮುಗಿದು ಕಲಾವಿದರ, ತಂತ್ರಜ್ಞರ ಹೆಸರುಗಳು ಬರುವಾಗ ಚಾನೆಲ್‌ನವರು ಕೆಲವು ದೃಶ್ಯಗಳನ್ನು ಸೇರಿಸಿದ್ದರು. ಯಾರೂ ಇಲ್ಲದ ಕಡಲತೀರ, ಅಲ್ಲಿ ಮುರಿದುಬಿದ್ದ ವಿಮಾನದ ಚೂರುಗಳು, ಅಷ್ಟೇ. ಭಾವುಕವಾದ ಕ್ಲೈಮ್ಯಾಕ್ಸ್ ಮುಗಿದ ಕೂಡಲೇ ವಾರ್ತೆ ಶುರುವಾಗುವುದು ಬೇಡ, ನಡುವೆ ಒಂದಿಷ್ಟು ಬಿಡುವಿರಲಿ ಎಂಬುದು ಅವರ ಉದ್ದೇಶ. ಆದರೆ ಆ ಮೂಕ ದೃಶ್ಯಗಳನ್ನು ನೋಡಿದ ಬಹಳ ಮಂದಿ, ವಿಮಾನ ಬಿದ್ದ ದಿನವೇ ಎಲ್ಲರೂ ಸತ್ತಿದ್ದರು, ಆರು ವರ್ಷ ನಮಗೆ ಟೋಪಿ ಹಾಕಿದರು ಎಂದುಕೊಂಡರು. ಅದಕ್ಕೆ ಕೆಲವೇ ನಿಮಿಷ ಮೊದಲು, ಅದೇ ಕಂತಿನಲ್ಲಿ, ನಾಯಕ ಜ್ಯಾಕ್‌ಗೆ ಅವನ ತೀರಿಹೋದ ಅಪ್ಪ ಕ್ರಿಶ್ಚಿಯನ್ ‘ನಿನಗೆ ಆದದ್ದೆಲ್ಲ ನಿಜ’ ಎಂದು ಬಾಯಿಬಿಟ್ಟು ಹೇಳಿದ್ದ. ಆ ಮಾತು ಯಾರ ಕಿವಿಗೂ ಬಿದ್ದಂತಿರಲಿಲ್ಲ. ಇವತ್ತಿಗೂ ‘ಲಾಸ್ಟ್’ ಎಂದರೆ ‘ಎಲ್ಲರೂ ಮೊದಲೇ ಸತ್ತಿದ್ದರಲ್ಲ, ಅದಾ?’ ಎನ್ನುವವರು ಸಿಗುತ್ತಾರೆ.

ಇದನ್ನು ವೀಕ್ಷಕರ ಅಜಾಗರೂಕತೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆರು ವರ್ಷ ಒಂದು ಕಥೆಯನ್ನು ನಂಬಿ ಬಂದವರು, ಕೊನೆಗೆ ಮೋಸ ಹೋಗುತ್ತೇವೆ ಎಂಬ ಅಳುಕಿನಲ್ಲೇ ಕೂತಿದ್ದರು. ಅಳುಕಿದ್ದವರಿಗೆ ಸ್ಪಷ್ಟವಾದ ಮಾತಿಗಿಂತ ಖಾಲಿ ಕಡಲತೀರವೇ ಹೆಚ್ಚು ನಂಬುವ ಹಾಗೆ ಕಂಡಿತು. ಆ ಅಳುಕು ಈಗ ಇನ್ನೂ ಬಲಿತಿದೆ. 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ 2025ರ ಕೊನೆಯ ದಿನ ಮುಗಿಯಿತು. ‘ಸೆವೆರೆನ್ಸ್’ ಎರಡು ಸೀಸನ್ ಮುಗಿಸಿ ಮೂರನೆಯದರ ನಿರೀಕ್ಷೆಯಲ್ಲಿ ನಿಂತಿದೆ. ಹೊಸ ರಹಸ್ಯ ಸರಣಿಯೊಂದು ಬಂತೆಂದರೆ ‘ಶುರು ಮಾಡಬಹುದು, ಆದರೆ ಕೊನೆಗೆ ಸರಿಯಾಗಿ ಮುಗಿಸ್ತಾರಾ?’ ಎಂಬುದೇ ಮೊದಲ ಪ್ರಶ್ನೆ. ವರ್ಷಗಟ್ಟಲೆ ಎಳೆದ ರಹಸ್ಯ ತೃಪ್ತಿಯಾಗುವಂತೆ ಮುಗಿಯಲು ಸಾಧ್ಯವೇ?

ಸಾಧ್ಯ ಎಂಬುದು ನನ್ನ ಉತ್ತರ. ಆದರೆ ಅದು ತೀರ್ಮಾನವಾಗುವುದು ಕೊನೆಯ ಕಂತು ಬರೆಯುವಾಗ ಅಲ್ಲ, ಅದಕ್ಕಿಂತ ಬಹಳ ಮೊದಲು. ಮುಂದೆ ಹಲವು ಧಾರಾವಾಹಿಗಳ ಗುಟ್ಟು ಬಯಲಾಗುತ್ತದೆ, ನೋಡದವರು ತಿಳಿದೇ ಮುಂದುವರಿಯಿರಿ.

ಮೊದಲು ದುಡ್ಡಿನ ವಿಷಯ ನೋಡೋಣ. ಅಮೆರಿಕದ ಹಳೆಯ ಚಾನೆಲ್ ಪದ್ಧತಿಯಲ್ಲಿ ಒಂದು ಧಾರಾವಾಹಿಗೆ ವರ್ಷಕ್ಕೆ 22ರಿಂದ 24 ಕಂತು. ಹತ್ತಿರಹತ್ತಿರ 100 ಕಂತು ದಾಟಿದರೆ ಮರುಪ್ರಸಾರದ ಹಕ್ಕು ಮಾರಿ ನಿಜವಾದ ಲಾಭ ಕಾಣಬಹುದು. ಅಲ್ಲಿಗೆ ಗೆದ್ದ ಧಾರಾವಾಹಿಯನ್ನು ನಿಲ್ಲಿಸಲು ಯಾವ ಚಾನೆಲ್‌ಗೂ ಕಾರಣವೇ ಇರುವುದಿಲ್ಲ. ನಮ್ಮ ಕನ್ನಡ ದಿನನಿತ್ಯದ ಧಾರಾವಾಹಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುರುವಾರ ಬರುವ ಟಿಆರ್‌ಪಿ ಚೆನ್ನಾಗಿದ್ದರೆ ಮದುವೆ ಮಂಟಪದಲ್ಲೇ ಎರಡು ವಾರ ಕಳೆಯುತ್ತದೆ, ಬಿದ್ದರೆ ವರ್ಷಗಳ ದ್ವೇಷ ಒಂದೇ ವಾರದಲ್ಲಿ ಕ್ಷಮೆ ಕೇಳಿ ಮುಗಿಯುತ್ತದೆ. ಅತ್ತೆ ಸೊಸೆಯರ ಕಥೆ ಈ ಎಳೆದಾಟವನ್ನು ಹೇಗೋ ತಡೆದುಕೊಳ್ಳುತ್ತದೆ, ಏಕೆಂದರೆ ಸಂಸಾರಕ್ಕೆ ಹೇಗೂ ಕೊನೆಯಿಲ್ಲ. ರಹಸ್ಯಕಥೆ ತಡೆದುಕೊಳ್ಳುವುದಿಲ್ಲ. ಅದರಲ್ಲಿ ಪ್ರತಿ ಹೊಸ ಒಗಟೂ ವೀಕ್ಷಕರಿಂದ ಪಡೆದ ಸಾಲ. ತೀರಿಸುವ ದಿನ ಗೊತ್ತಿಲ್ಲದೆ ಸಾಲ ಮಾಡುತ್ತ ಹೋದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ.

‘ಲಾಸ್ಟ್’ ಅದಕ್ಕೆ ಸರಿಯಾದ ಉದಾಹರಣೆ. ಸಿಡ್ನಿಯಿಂದ ಲಾಸ್ ಏಂಜಲೀಸ್‌ಗೆ ಹೊರಟ ಓಷಿಯಾನಿಕ್ 815 ವಿಮಾನ ದ್ವೀಪವೊಂದರ ಮೇಲೆ ಬೀಳುತ್ತದೆ. 2004ರ ಸೆಪ್ಟೆಂಬರ್‌ನಲ್ಲಿ ಬಂದ ಮೊದಲ ಕಂತುಗಳಲ್ಲೇ ಕಾಡಿನ ಮರ ಕಿತ್ತೆಸೆಯುವ ಕಾಣದ ಪ್ರಾಣಿ, ಉಷ್ಣವಲಯದಲ್ಲಿ ಹಿಮಕರಡಿ, ಹದಿನಾರು ವರ್ಷಗಳಿಂದ ಕೇಳಿಬರುತ್ತಿರುವ ಫ್ರೆಂಚ್ ಹೆಂಗಸಿನ ರೇಡಿಯೊ ಸಂದೇಶ, ಎಲ್ಲವೂ ಇದ್ದವು. ನೆಲದೊಳಗೆ ಹೂತ ಕಬ್ಬಿಣದ ಮುಚ್ಚಳ ಸಿಕ್ಕಿತು. ಅದನ್ನು ತೆರೆದು ಒಳಗೆ ಇಣುಕುವಲ್ಲಿಗೆ ಮೊದಲ ಸೀಸನ್ನೇ ಮುಗಿಯಿತು. ಮೂರನೆಯ ಸೀಸನ್ ಹೊತ್ತಿಗೆ ಬರಹಗಾರರು ಮುಂದೆಯೂ ಹೋಗಲಾರದೆ, ನಿಲ್ಲಿಸಲೂ ಆಗದೆ ಸಿಕ್ಕಿಬಿದ್ದಿದ್ದರು. ಜ್ಯಾಕ್‌ನ ತೋಳಿನ ಹಚ್ಚೆ ಎಲ್ಲಿಂದ ಬಂತು ಎಂದು ಹೇಳಲು ಇಡೀ ಒಂದು ಕಂತು ಕಳೆದರು, ಅವನನ್ನು ಥಾಯ್ಲೆಂಡಿಗೆ ಕಳಿಸಿದ ಫ್ಲ್ಯಾಶ್‌ಬ್ಯಾಕ್ ಸಮೇತ. ಆ ಹಚ್ಚೆ ನಟ ಮ್ಯಾಥ್ಯೂ ಫಾಕ್ಸ್‌ದೇ, ಧಾರಾವಾಹಿಗಾಗಿ ಹಾಕಿಸಿಕೊಂಡದ್ದಲ್ಲ. ಯಾರೂ ಕೇಳದ ಪ್ರಶ್ನೆಗೆ ನಲವತ್ತು ನಿಮಿಷದ ಉತ್ತರ. ಧಾರಾವಾಹಿಯನ್ನು ನಡೆಸುತ್ತಿದ್ದ ಡೇಮನ್ ಲಿಂಡಲೋಫ್ ಮತ್ತು ಕಾರ್ಲ್‌ಟನ್ ಕ್ಯೂಸ್ ಮುಂದೆ ಇದೇ ಕಂತನ್ನು ತೋರಿಸಿ, ಕೊನೆಯ ದಿನಾಂಕ ಯಾಕೆ ಬೇಕಾಗಿತ್ತು ನೋಡಿ ಎಂದು ಹೇಳಿದ್ದಾರೆ.

2007ರ ಮೇ ತಿಂಗಳಲ್ಲಿ ಚಾನೆಲ್ ಒಪ್ಪಿತು. ಇನ್ನು 48 ಕಂತು, ತಲಾ 16ರಂತೆ ಮೂರು ಸೀಸನ್, 2010ಕ್ಕೆ ಮುಕ್ತಾಯ. ಜನ ನೋಡುತ್ತಿರುವ ಧಾರಾವಾಹಿಯೊಂದಕ್ಕೆ ಮೂರು ವರ್ಷ ಮೊದಲೇ ಕೊನೆ ಗೊತ್ತುಮಾಡಿದ್ದು ಆ ಕಾಲಕ್ಕೆ ಅಪರೂಪದ ಮಾತು.

ಅದರಿಂದ ಬರವಣಿಗೆ ಎಷ್ಟು ಬದಲಾಯಿತು ಎಂಬುದನ್ನು ನೋಡಲು ನಾಲ್ಕನೆಯ ಸೀಸನ್ನಿನ ‘ದಿ ಕಾನ್‌ಸ್ಟಂಟ್’ ಕಂತು ಸಾಕು. ಡೆಸ್ಮಂಡ್ ಎಂಬವನ ಪ್ರಜ್ಞೆ 1996 ಮತ್ತು 2004ರ ನಡುವೆ ಜಿಗಿದಾಡತೊಡಗುತ್ತದೆ. ಎರಡೂ ಕಾಲದಲ್ಲಿ ಇರುವ, ತನಗೆ ಮುಖ್ಯವಾದ ಯಾವುದಾದರೊಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳದಿದ್ದರೆ ಸಾವು. ಅವನು 1996ರ ಲಂಡನ್ನಿನಲ್ಲಿ, ತಾನೇ ಬಿಟ್ಟುಬಂದ ಗೆಳತಿ ಪೆನ್ನಿಯ ಮನೆ ಬಾಗಿಲು ತಟ್ಟಿ ಫೋನ್ ನಂಬರ್ ಬೇಡುತ್ತಾನೆ. ‘ಎಂಟು ವರ್ಷ ಫೋನ್ ಮಾಡುವುದಿಲ್ಲ, 2004ರ ಕ್ರಿಸ್‌ಮಸ್ ಹಿಂದಿನ ದಿನ ಮಾಡುತ್ತೇನೆ’ ಎನ್ನುತ್ತಾನೆ. ಅವಳ ಪಾಲಿಗೆ ಅದು ಹುಚ್ಚನ ಮಾತು. ಸಾಗಹಾಕಿದರೆ ಸಾಕೆಂದು ನಂಬರ್ ಹೇಳುತ್ತಾಳೆ. 2004ರಲ್ಲಿ, ಸಮುದ್ರದ ನಡುವಿನ ಹಡಗಿನಲ್ಲಿ, ಹೇಗೋ ಜೋಡಿಸಿದ ಫೋನಿನ ಬ್ಯಾಟರಿ ಮುಗಿಯುತ್ತ ಬಂದಿರುವಾಗ ಅವನು ಆ ನಂಬರ್ ಒತ್ತುತ್ತಾನೆ. ರಿಂಗ್ ಆಗುತ್ತದೆ. ಪೆನ್ನಿ ಎತ್ತುತ್ತಾಳೆ. ಕಾಲದೊಳಗಿನ ಈ ಜಿಗಿದಾಟದ ವಿಜ್ಞಾನವನ್ನು ಆ ಕಂತು ಹೆಚ್ಚೇನೂ ವಿವರಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಒಗಟಿನ ಉತ್ತರ ಮತ್ತು ಒಬ್ಬ ಮನುಷ್ಯನ ತಹತಹ ಇಲ್ಲಿ ಬೇರೆಬೇರೆ ಅಲ್ಲ, ಒಂದೇ ಫೋನ್ ಕರೆಯಲ್ಲಿ ಎರಡೂ ಈಡೇರುತ್ತವೆ. ದಾರಿ ಎಷ್ಟು ಉಳಿದಿದೆ ಎಂದು ಗೊತ್ತಾದ ಬರಹಗಾರರ ಕೆಲಸ ಇದು.

ಆದರೆ ದಿನಾಂಕ ಸಿಗುವ ಹೊತ್ತಿಗೆ 70ಕ್ಕೂ ಹೆಚ್ಚು ಕಂತುಗಳು ಆಗಿಹೋಗಿದ್ದವು. ಕೊನೆ ಗೊತ್ತಿಲ್ಲದ ಕಾಲದಲ್ಲಿ ಮಾಡಿದ ಸಾಲವನ್ನೆಲ್ಲ ಉಳಿದ 48ರಲ್ಲಿ ತೀರಿಸಬೇಕಿತ್ತು. ‘ಲಾಸ್ಟ್’ನ ಕೊನೆಯ ಬಗ್ಗೆ ಇರುವ ಅರ್ಧ ದೂರುಗಳು ನಿಜಕ್ಕೂ ಮೊದಲ ಎರಡು ಸೀಸನ್‌ಗಳ ಮೇಲಿನ ದೂರುಗಳು.

‘ಮೊದಲೇ ಎಲ್ಲ ಯೋಚಿಸಿಟ್ಟಿರಲಿಲ್ಲ, ಅದಕ್ಕೇ ಹೀಗಾಯಿತು’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಇದನ್ನು ನಾನು ಪೂರ್ತಿ ಒಪ್ಪಲಾರೆ. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಅವರ ‘ಟ್ವಿನ್ ಪೀಕ್ಸ್’ ನೋಡಿ. ಅದರಲ್ಲಿ ವೀಕ್ಷಕರ ನಿದ್ದೆಗೆಡಿಸಿದ ಬಾಬ್ ಎಂಬ ದುಷ್ಟ ಶಕ್ತಿ ಮೂಲ ಯೋಜನೆಯಲ್ಲೇ ಇರಲಿಲ್ಲ. ಫ್ರ್ಯಾಂಕ್ ಸಿಲ್ವಾ ಸೆಟ್ಟಿನಲ್ಲಿ ವಸ್ತುಗಳನ್ನು ಜೋಡಿಸುವ ಕೆಲಸದವರು. ಒಂದು ದೃಶ್ಯದ ಚಿತ್ರೀಕರಣದಲ್ಲಿ ಅವರ ಪ್ರತಿಬಿಂಬ ಆಕಸ್ಮಿಕವಾಗಿ ಕನ್ನಡಿಯಲ್ಲಿ ಬಿತ್ತು. ಬೇರೆ ನಿರ್ದೇಶಕರಾಗಿದ್ದರೆ ಮತ್ತೊಂದು ಟೇಕ್ ತೆಗೆಯುತ್ತಿದ್ದರು. ಲಿಂಚ್ ಅದನ್ನು ಉಳಿಸಿಕೊಂಡರು, ಸಿಲ್ವಾ ಅವರನ್ನೇ ಬಾಬ್ ಮಾಡಿದರು. ಇದಕ್ಕೆ ತದ್ವಿರುದ್ಧ ‘ಹೌ ಐ ಮೆಟ್ ಯುವರ್ ಮದರ್’. ಅದು ಹಾಸ್ಯ ಧಾರಾವಾಹಿ, ಆದರೂ ‘ತಾಯಿ ಯಾರು?’ ಎಂಬ ಒಂದೇ ಗುಟ್ಟಿನ ಮೇಲೆ 2005ರಿಂದ 2014ರವರೆಗೆ, 208 ಕಂತು ನಡೆಯಿತು. ಮಕ್ಕಳಾಗಿ ನಟಿಸಿದವರು ದೊಡ್ಡವರಾಗಿಬಿಡುತ್ತಾರೆಂದು ಕೊನೆಯ ದೃಶ್ಯದ ಅವರ ಭಾಗವನ್ನು ಎರಡನೆಯ ಸೀಸನ್ ಹೊತ್ತಿಗೇ ಚಿತ್ರೀಕರಿಸಿ ಇಟ್ಟಿದ್ದರು. ಅದಕ್ಕಿಂತ ಪಕ್ಕಾ ಯೋಜನೆ ಬೇಕೇ? ಆದರೆ ನಡುವೆ ಕಳೆದ ಏಳೆಂಟು ವರ್ಷಗಳಲ್ಲಿ ಪಾತ್ರಗಳು ಬೇರೆಯೇ ಜನರಾಗಿ ಬೆಳೆದಿದ್ದರು. ಎಂಟು ವರ್ಷ ಕಾಯಿಸಿ ಕೊನೆಗೆ ತೋರಿಸಿದ ತಾಯಿಯನ್ನು ಕೊನೆಯ ಕಂತಿನಲ್ಲೇ ಸಾಯಿಸಿ, ಹಳೆಯ ಗೆಳತಿಯ ಮನೆ ಮುಂದೆ ನಾಯಕನನ್ನು ನಿಲ್ಲಿಸಿದಾಗ ಜನ ರೊಚ್ಚಿಗೆದ್ದದ್ದು ಸಹಜವೇ. ಎರಡು ಸೀಸನ್‌ಗೆ ಮುಗಿದಿದ್ದರೆ ಆ ಕೊನೆ ಚೆನ್ನಾಗಿಯೇ ಇರುತ್ತಿತ್ತು ಎಂದು ನನಗನ್ನಿಸುತ್ತದೆ. ಯೋಜನೆ ಇದ್ದರೆ ಸಾಲದು, ಕಥೆಯ ಉದ್ದವೂ ಬರೆಯುವವರ ಕೈಯಲ್ಲಿರಬೇಕು.

ಇನ್ನೊಂದು ನಂಬಿಕೆ, ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟರೆ ಜನ ಸಮಾಧಾನವಾಗುತ್ತಾರೆ ಎಂಬುದು. ‘ಎಕ್ಸ್ ಫೈಲ್ಸ್’ ಅದನ್ನೂ ಮಾಡಿ ನೋಡಿದೆ. ಒಂಬತ್ತು ಸೀಸನ್ ನಡೆದು 2002ರ ಮೇ 19ರಂದು ಅದು ಮೊದಲ ಬಾರಿ ಮುಗಿದಾಗ, ನಾಯಕ ಮಲ್ಡರ್‌ನನ್ನು ಮಿಲಿಟರಿ ನ್ಯಾಯಾಲಯದ ಕಟಕಟೆಗೆ ಹತ್ತಿಸಿದರು. ಹಳೆಯ ಪಾತ್ರಗಳು ಒಬ್ಬೊಬ್ಬರಾಗಿ ಸಾಕ್ಷಿ ಹೇಳಲು ಬಂದು, ಅನ್ಯಗ್ರಹದವರ ಸಂಚನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದರು. ಉತ್ತರಗಳು ಸಿಕ್ಕವು, ಪರೀಕ್ಷೆಗೆ ಓದಿದ ಹಾಗೆ. ಕಥೆ ಸಿಗಲಿಲ್ಲ.

ಹಾಗಾದರೆ ಯಾವ ಪ್ರಶ್ನೆಗೆ ಉತ್ತರ ಬೇಕೇಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ? ನನ್ನ ಅಳತೆ ಇದು: ಯಾವ ಪ್ರಶ್ನೆಗಾಗಿ ಕಥೆಯೊಳಗಿನ ಮನುಷ್ಯರು ಬೆಲೆ ತೆತ್ತಿದ್ದಾರೋ ಅದಕ್ಕೆ ಉತ್ತರ ಕೊಡಲೇಬೇಕು. ಉಳಿದದ್ದು ಐಚ್ಛಿಕ.

‘ಲಾಸ್ಟ್’ನ ಹಿಮಕರಡಿಯನ್ನೇ ತೆಗೆದುಕೊಳ್ಳಿ. ಅದು ದ್ವೀಪಕ್ಕೆ ಹೇಗೆ ಬಂತು ಎಂಬುದಕ್ಕೆ ಬೇಕಾದಷ್ಟು ವಿವರಣೆ ಇದೆ: ಧರ್ಮಾ ಇನಿಶಿಯೇಟಿವ್ ಎಂಬ ಸಂಶೋಧನಾ ಸಂಸ್ಥೆ ಪ್ರಯೋಗಕ್ಕಾಗಿ ತಂದಿತ್ತು, ಅದರ ಪಂಜರಗಳನ್ನೂ ನೋಡುತ್ತೇವೆ. ಆ ಉತ್ತರದಿಂದ ಯಾರ ಎದೆಯೂ ಹಗುರಾಗಲಿಲ್ಲ, ಏಕೆಂದರೆ ಯಾರ ಎದೆಯ ಮೇಲೂ ಅದು ಭಾರವಾಗಿ ಕೂತಿರಲಿಲ್ಲ. ಈಗ ವಾಲ್ಟ್‌ನನ್ನು ನೋಡಿ. ಹತ್ತು ವರ್ಷದ ಹುಡುಗ. ಅವನಲ್ಲಿ ಏನೋ ವಿಶೇಷ ಶಕ್ತಿ ಇದೆ ಎಂದು ಕಥೆ ಮತ್ತೆಮತ್ತೆ ಹೇಳುತ್ತದೆ. ಆ ಶಕ್ತಿಗಾಗಿಯೇ ದ್ವೀಪದ ಹಳಬರು ಮೊದಲ ಸೀಸನ್ನಿನ ಕೊನೆಯಲ್ಲಿ, ನಡುಸಮುದ್ರದಲ್ಲಿ, ತೆಪ್ಪದಿಂದ ಅವನನ್ನು ಕಸಿದೊಯ್ಯುತ್ತಾರೆ. ಮಗನನ್ನು ಬಿಡಿಸಿಕೊಳ್ಳಲು ಅಪ್ಪ ಮೈಕಲ್ ಸೆರೆಯಲ್ಲಿದ್ದ ಶತ್ರು ಬೆನ್‌ನನ್ನು ಹೊರಬಿಡಲು ಒಪ್ಪುತ್ತಾನೆ. ಅದಕ್ಕಾಗಿ ತನ್ನದೇ ಗುಂಪಿನ ಅನಾ ಲೂಸಿಯಾಳಿಗೆ ಗುಂಡು ಹೊಡೆಯುತ್ತಾನೆ. ಅದೇ ಕ್ಷಣಕ್ಕೆ ಲಿಬ್ಬಿ ಹೊದಿಕೆ ಹಿಡಿದು ಒಳಗೆ ಬರುತ್ತಾಳೆ. ಹರ್ಲಿಯ ಜೊತೆ ಪಿಕ್ನಿಕ್‌ಗೆ ಹೋಗಬೇಕೆಂದು ಹೊದಿಕೆ ತರಲು ಬಂದವಳು ಅವಳು. ಅವಳಿಗೂ ಗುಂಡು ಬೀಳುತ್ತದೆ. ಎರಡು ಜೀವ ಹೋದವು, ಒಬ್ಬ ಅಪ್ಪ ಕೊಲೆಗಾರನಾದ, ಹರ್ಲಿಯ ಬದುಕಿನ ಒಂದು ಸಣ್ಣ ಸುಖ ಮಣ್ಣುಪಾಲಾಯಿತು. ಎಲ್ಲವೂ ಆ ಹುಡುಗ ‘ವಿಶೇಷ’ ಎಂಬ ಒಂದು ಮಾತಿಗಾಗಿ. ಆ ಮಾತಿಗೆ ಅರ್ಥ ಏನೆಂದು ಆರು ಸೀಸನ್‌ಗಳಲ್ಲಿ ಎಲ್ಲೂ ಸರಿಯಾಗಿ ಹೇಳಲಿಲ್ಲ.

ಕಾರಣ ಸರಳ. ಕಥೆಯಲ್ಲಿ ಎರಡು ತಿಂಗಳು ಕಳೆಯುವಷ್ಟರಲ್ಲಿ ನಿಜಜೀವನದಲ್ಲಿ ಎರಡು ವರ್ಷ ಕಳೆದಿತ್ತು, ವಾಲ್ಟ್ ಪಾತ್ರದ ಬಾಲನಟ ಉದ್ದಕ್ಕೆ ಬೆಳೆದುಬಿಟ್ಟಿದ್ದ. ಅವನನ್ನು ಕಥೆಯಿಂದ ದೂರ ಕಳಿಸದೆ ಬೇರೆ ದಾರಿಯಿರಲಿಲ್ಲ. ಕಷ್ಟ ಅರ್ಥವಾಗುತ್ತದೆ. ಆದರೆ ಆ ಸಾಲ ಅಳಿಸಿಹೋಗಲಿಲ್ಲ. ಕಡೆಗೆ ಡಿವಿಡಿಯ ಜೊತೆ ಕೊಟ್ಟ ಹನ್ನೆರಡು ನಿಮಿಷದ ಬಾಲಂಗೋಚಿಯಲ್ಲಿ ಹರ್ಲಿ ಮತ್ತು ಬೆನ್ ಮಾನಸಿಕ ಆಸ್ಪತ್ರೆಗೆ ಹೋಗಿ, ಬೆಳೆದ ವಾಲ್ಟ್‌ನನ್ನು ದ್ವೀಪಕ್ಕೆ ಕರೆದೊಯ್ಯುತ್ತಾರೆ. ಮುಖ್ಯ ಕಥೆಯಲ್ಲಿ ಅವನಿಗೆ ಜಾಗ ಉಳಿದಿರಲಿಲ್ಲ.

ಇದೇ ಅಳತೆಯನ್ನು ಜರ್ಮನ್ ಸರಣಿ ‘ಡಾರ್ಕ್’ ಮೇಲೆ ಇಟ್ಟು ನೋಡಿದರೆ ಅದು ಯಾಕೆ ಗೆದ್ದಿತು ಎಂದು ಗೊತ್ತಾಗುತ್ತದೆ. ಬಾರನ್ ಬೋ ಒಡಾರ್ ಮತ್ತು ಯಾನ್ಟ್ಯಾ ಫ್ರೀಸ ಅದನ್ನು ಮೂರೇ ಸೀಸನ್‌ಗೆ ಹೆಣೆದರು. 2017ರ ಡಿಸೆಂಬರ್‌ನಿಂದ 2020ರ ಜೂನ್ 27ರವರೆಗೆ, ಒಟ್ಟು 26 ಕಂತು. ಕಥೆಯೊಳಗೆ ಪ್ರಳಯವಾಗುವ ದಿನಾಂಕವೂ ಅದೇ ಜೂನ್ 27, 2020. ವಿಂಡನ್ ಎಂಬ ಊರು, ಅಣುಸ್ಥಾವರ, ಗುಹೆ, 33 ವರ್ಷಕ್ಕೊಮ್ಮೆ ಮರಳುವ ಕಾಲಚಕ್ರ, ನಾಲ್ಕು ಮನೆತನಗಳು. ಯಾರು ಯಾರ ಮಗ ಎಂದು ನೆನಪಿಡಲು ಕಾಗದ ಪೆನ್ನು ಹಿಡಿದು ಕೂರಬೇಕು. ಆದರೆ ಬರಹಗಾರರು ಮಾಡಿದ ಜಾಣತನ ಬೇರೆಲ್ಲೋ ಇದೆ. ಕಾಣೆಯಾದ ಹುಡುಗ ಮಿಕೆಲ್ ಎಲ್ಲಿ ಎಂಬುದು ಮೊದಲ ಕಂತಿನ ದೊಡ್ಡ ಪ್ರಶ್ನೆ. ಬೇರೆಯವರಾಗಿದ್ದರೆ ಅದನ್ನು ಮೂರು ವರ್ಷ ಎಳೆಯುತ್ತಿದ್ದರು. ಇವರು ಮೊದಲ ಸೀಸನ್ನಿನ ಐದನೆಯ ಕಂತಿನಲ್ಲೇ ಉತ್ತರ ಕೊಟ್ಟರು: ಮಿಕೆಲ್ 1986ಕ್ಕೆ ಹೋಗಿ ಅಲ್ಲೇ ಬೆಳೆದ, ಮೊದಲ ಕಂತಿನ ಮೊದಲ ನಿಮಿಷಗಳಲ್ಲಿ ನೇಣು ಹಾಕಿಕೊಂಡವನು, ಅಂದರೆ ನಾಯಕ ಯೋನಾಸ್‌ನ ಅಪ್ಪ, ಅವನೇ.

ಆ ಉತ್ತರ ರಹಸ್ಯವನ್ನು ಮುಗಿಸಲಿಲ್ಲ, ಇನ್ನೂ ಕಠಿಣವಾದ ಪ್ರಶ್ನೆಗೆ ತಿರುಗಿಸಿತು. ಮಿಕೆಲ್‌ನನ್ನು ಹೆತ್ತವರ ಬಳಿಗೆ ಮರಳಿಸಿದರೆ ಯೋನಾಸ್ ಹುಟ್ಟುವುದೇ ಇಲ್ಲ. ತನ್ನನ್ನೇ ಇಲ್ಲವಾಗಿಸಿಕೊಂಡು ಬೇರೆಯವರ ನೋವನ್ನು ನೀಗಬೇಕೇ? ಹದಿಹರೆಯದ ಹುಡುಗನ ಮುಂದೆ ಮೊದಲ ಸೀಸನ್ನಿನಲ್ಲೇ ಈ ಪ್ರಶ್ನೆ ಬಂದು ನಿಂತಿತು. ಕೊನೆಯ ಕಂತಿನಲ್ಲಿ ಯೋನಾಸ್ ಮತ್ತು ಅವನ ಪ್ರೇಯಸಿ ಮಾರ್ಥಾ ಮಾಡುವುದು ಅದನ್ನೇ. ಗಡಿಯಾರ ರಿಪೇರಿ ಮಾಡುವ ಟ್ಯಾನ್‌ಹೌಸ್‌ನ ಮಗನ ಕಾರು ಅಪಘಾತಕ್ಕೀಡಾಗದಂತೆ ತಡೆದು, ಆ ದುಃಖದಿಂದ ಹುಟ್ಟಿದ ಎರಡೂ ಲೋಕಗಳನ್ನು, ಅವುಗಳ ಜೊತೆ ತಮ್ಮನ್ನೂ ಅಳಿಸಿಕೊಳ್ಳುತ್ತಾರೆ. ಕೊನೆಯಲ್ಲಿ ತೆರಬೇಕಾದ ಬೆಲೆ ಏನೆಂದು ನಮಗೆ ಮೂರು ವರ್ಷ ಮೊದಲೇ ಹೇಳಿಯಾಗಿತ್ತು, ಅದಕ್ಕೇ ಆ ಕೊನೆ ಮನಸ್ಸಿಗೆ ಇಳಿಯುತ್ತದೆ. ದೋಷ ಇಲ್ಲವೆಂದಲ್ಲ. ಟ್ಯಾನ್‌ಹೌಸ್‌ನ ಮಗ, ಸೊಸೆ, ಮೊಮ್ಮಗುವಿನ ಸಾವು ಇಡೀ ಗಂಟಿನ ಮೂಲ ಎಂಬುದು ಕಥೆಯಲ್ಲಿ ತೀರಾ ತಡವಾಗಿ ಬರುತ್ತದೆ. ಅದನ್ನು ಎರಡನೆಯ ಸೀಸನ್ನಿನಲ್ಲೇ ನಮ್ಮ ಕಣ್ಣಿಗೆ ಬೀಳಿಸಿದ್ದರೆ ಕ್ಲೈಮ್ಯಾಕ್ಸ್ ಇನ್ನಷ್ಟು ತೂಕದ್ದಾಗುತ್ತಿತ್ತು. ಆದರೂ ಇಷ್ಟು ಜಟಿಲವಾದ ಕಥೆಯ ಬುಡದಲ್ಲಿ ಒಬ್ಬ ಅಪ್ಪನ ಪುತ್ರಶೋಕ ಇದೆ ಎಂಬುದನ್ನು ನಾನು ಮೋಸ ಎನ್ನಲಾರೆ.

ಉತ್ತರವನ್ನೇ ಕೊಡದೆಯೂ ಗೆಲ್ಲಬಹುದು. ‘ಲಾಸ್ಟ್’ನಲ್ಲಿ ಬೈಗುಳ ತಿಂದ ಅದೇ ಲಿಂಡಲೋಫ್, ಕಾದಂಬರಿಕಾರ ಟಾಮ್ ಪೆರೊಟ್ಟಾ ಜೊತೆ 2014ರಿಂದ 2017ರವರೆಗೆ ‘ದಿ ಲೆಫ್ಟೋವರ್ಸ್’ ಮಾಡಿದರು. ಒಂದು ದಿನ ಪ್ರಪಂಚದ ಶೇ. 2ರಷ್ಟು ಜನ ಇದ್ದಕ್ಕಿದ್ದಂತೆ ಮಾಯವಾಗುತ್ತಾರೆ. ಎಲ್ಲಿಗೆ, ಯಾಕೆ ಎಂಬುದನ್ನು ಹೇಳುವ ಇರಾದೆ ತಮಗಿಲ್ಲ ಎಂದು ಅವರು ಮುಚ್ಚಿಡದೆ ಹೇಳಿದರು. ಗಂಡ, ಇಬ್ಬರು ಮಕ್ಕಳು, ಮೂವರನ್ನೂ ಒಂದೇ ಕ್ಷಣದಲ್ಲಿ ಕಳೆದುಕೊಂಡ ನೋರಾ ಕೊನೆಯ ಕಂತಿನಲ್ಲಿ, ಆಸ್ಟ್ರೇಲಿಯಾದ ಒಂದು ಮನೆಯಲ್ಲಿ ಮೇಜಿನ ಮುಂದೆ ಕೂತು ತನ್ನ ಹಳೆಯ ಸಂಗಾತಿ ಕೆವಿನ್‌ಗೆ ಹೇಳುತ್ತಾಳೆ: ಮಾಯವಾದವರ ಲೋಕಕ್ಕೆ ತಾನು ಹೋಗಿಬಂದೆ, ಅಲ್ಲಿ ಮಾಯವಾದವರು ನಾವು, ಮಕ್ಕಳು ಚೆನ್ನಾಗಿದ್ದಾರೆ, ದೂರದಿಂದ ನೋಡಿ ಮರಳಿದೆ. ಇದ್ಯಾವುದನ್ನೂ ಕ್ಯಾಮೆರಾ ತೋರಿಸುವುದಿಲ್ಲ. ನಿಜವೋ, ಬದುಕಲು ಅವಳು ಕಟ್ಟಿಕೊಂಡ ಕಥೆಯೋ ಗೊತ್ತಿಲ್ಲ. ನಂಬುತ್ತೇನೆ ಎನ್ನುತ್ತಾನೆ ಕೆವಿನ್. ಜನ ಎಲ್ಲಿಗೆ ಹೋದರು ಎಂಬ ಒಗಟು ಬಿಡಿಸದೇ ಉಳಿಯಿತು. ನೋರಾ ಬೆಲೆ ತೆತ್ತಿದ್ದು ಇನ್ನೊಂದು ಪ್ರಶ್ನೆಗೆ: ಇಷ್ಟೆಲ್ಲ ಕಳೆದುಕೊಂಡವಳು ಮತ್ತೊಬ್ಬರ ಎದುರು ಕೂತು ಮಾತಾಡಬಲ್ಲಳೇ? ಅದಕ್ಕೆ ಉತ್ತರ ಸಿಕ್ಕಿತು.

‘ಟ್ವಿನ್ ಪೀಕ್ಸ್’ನಲ್ಲಿ ಆದದ್ದು ಇದರ ಉಲ್ಟಾ. ಲಾರಾ ಪಾಮರ್‌ಳನ್ನು ಕೊಂದವರು ಯಾರು ಎಂಬುದನ್ನು ಹೇಳುವ ಆತುರ ಲಿಂಚ್ ಮತ್ತು ಫ್ರಾಸ್ಟ್ ಅವರಿಗೆ ಇರಲಿಲ್ಲ, ಚಾನೆಲ್‌ಗೆ ಇತ್ತು. 1990ರ ನವೆಂಬರ್‌ನಲ್ಲಿ, ಎರಡನೆಯ ಸೀಸನ್ ನಡುವೆಯೇ, ಕೊಲೆಗಾರ ಅವಳ ಅಪ್ಪನೇ ಎಂದು ಬಯಲಾಯಿತು. ಉತ್ತರ ತಪ್ಪಲ್ಲ. ಆದರೆ ಅದರ ಬೆನ್ನಿಗೇ ಕಥೆ ಲಾರಾಳನ್ನು ಮರೆತು ಸಣ್ಣಪುಟ್ಟ ಉಪಕಥೆಗಳಲ್ಲಿ ಅಲೆಯಿತು, ವೀಕ್ಷಕರು ಕರಗಿದರು, 1991ರ ಜೂನ್‌ನಲ್ಲಿ ಧಾರಾವಾಹಿ ನಿಂತಿತು. ಯಾರು ಕೊಂದರು ಎಂದು ಹೇಳಿದ ಮಾತ್ರಕ್ಕೆ ಆ ಹುಡುಗಿ ಅನುಭವಿಸಿದ್ದರ ಲೆಕ್ಕ ಮುಗಿಯುವುದಿಲ್ಲ. 2017ರಲ್ಲಿ 18 ಕಂತುಗಳೊಂದಿಗೆ ಮರಳಿದಾಗ ಲಿಂಚ್ ಲಾರಾಳ ಬಳಿಗೇ ಬಂದರು. ಅದರ ಕೊನೆಯಲ್ಲಿ ಸಮಾಧಾನ ಇಲ್ಲ, ಅವಳ ಚೀರಾಟ ಇದೆ. ಹಲವರಿಗೆ ಅದು ಸಿಟ್ಟು ತರಿಸಿತು. ನನಗೆ ಅದು ಪ್ರಾಮಾಣಿಕವಾಗಿ ಕಂಡಿತು.

ಒಟಿಟಿ ಬಂದ ಮೇಲೆ ಕಂತುಗಳು ಕಡಿಮೆಯಾದವು, ಎಳೆದಾಟ ತಪ್ಪಿತು ಎನ್ನುವವರಿದ್ದಾರೆ. ನಿಜ. ಆದರೆ ಕೊನೆಯ ಮೇಲೆ ಬರಹಗಾರರಿಗೆ ಹಿಡಿತ ಬಂತೆಂದು ಹೇಳಲಾಗದು. ‘ಡಾರ್ಕ್’ ಮಾಡಿದ ಅದೇ ಜೋಡಿ ಮೂರು ಸೀಸನ್‌ಗೆ ಯೋಜಿಸಿದ್ದ ‘1899’ 2022ರ ನವೆಂಬರ್‌ನಲ್ಲಿ ಬಂತು, 2023ರ ಜನವರಿ ಶುರುವಿನಲ್ಲೇ ರದ್ದಾಯಿತು. ಐದು ಸೀಸನ್ ಯೋಚಿಸಿದ್ದ ‘ದಿ ಓಎ’ ಎರಡಕ್ಕೇ ನಿಂತಿತು. ಮೊದಲು ಚಾನೆಲ್‌ಗಳು ಮುಗಿಸಲು ಬಿಡುತ್ತಿರಲಿಲ್ಲ, ಈಗ ಕಂಪನಿಗಳು ಮುಗಿಯುವವರೆಗೆ ಬಿಡುವುದಿಲ್ಲ. ಹೀಗಾಗಿ ‘ಪೂರ್ತಿ ಬಂದ ಮೇಲೆ ನೋಡೋಣ’ ಎಂದು ಜನ ಕಾಯುತ್ತಾರೆ, ಅವರು ಕಾದಷ್ಟೂ ಮೊದಲ ಸೀಸನ್ನಿನ ಅಂಕಿಅಂಶ ಕುಸಿದು ಸರಣಿ ರದ್ದಾಗುವ ಸಂಭವ ಹೆಚ್ಚುತ್ತದೆ. ಈ ಸುಳಿಗೆ ಪರಿಹಾರ ಕಂಪನಿಗಳ ಕೈಯಲ್ಲೇ ಇದೆ: ಮೂರು ಸೀಸನ್ನಿನ ಕಥೆಯನ್ನು ಒಪ್ಪಿಕೊಂಡರೆ ಮೂರನ್ನೂ ಮಾಡುತ್ತೇವೆ ಎಂದು ಮೊದಲೇ ಬರೆದುಕೊಡಬೇಕು.

ಕೊನೆಯದಾಗಿ ‘ಸೆವೆರೆನ್ಸ್’. ನೌಕರರ ಪ್ರಜ್ಞೆಯನ್ನು ಆಫೀಸಿಗೊಂದು, ಹೊರಗಿನ ಬದುಕಿಗೊಂದು ಎಂದು ಸೀಳುವ ಕಂಪನಿಯ ಕಥೆ ಅದು. 2022ರ ಫೆಬ್ರವರಿಯಲ್ಲಿ ಶುರುವಾದ ಅದರ ಎರಡನೆಯ ಸೀಸನ್‌ಗೆ 2025ರ ಜನವರಿಯವರೆಗೆ ಕಾಯಬೇಕಾಯಿತು. ಲ್ಯೂಮನ್ ಕಂಪನಿಯ ಆಫೀಸಿನೊಳಗೆ ಮೇಕೆಗಳನ್ನು ಯಾಕೆ ಸಾಕುತ್ತಾರೆ ಎಂಬುದರ ಮೇಲೆ ಅಭಿಮಾನಿಗಳು ಮೂರು ವರ್ಷ ತಲೆ ಕೆಡಿಸಿಕೊಂಡರು, ಒಂದು ಮಟ್ಟಿಗೆ ಅದಕ್ಕೆ ಉತ್ತರವೂ ಬಂತು. ಮೇಕೆಗಳ ಬಗ್ಗೆ ಇನ್ನೊಂದು ಮಾತೂ ಹೇಳದಿದ್ದರೆ ನನ್ನ ತಕರಾರಿಲ್ಲ. ಗೆಮ್ಮಾಳ ವಿಷಯ ಹಾಗಲ್ಲ. ಸತ್ತಳೆಂದು ಗಂಡ ಮಾರ್ಕ್ ನಂಬಿದ್ದಾಗ ಅವಳು ಅದೇ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ, ಕೋಣೆಯಿಂದ ಕೋಣೆಗೆ, ಪ್ರತಿ ಕೋಣೆಗೂ ಒಂದು ಹೊಸ ಪ್ರಜ್ಞೆಯೊಂದಿಗೆ ನೋವುಣ್ಣುತ್ತಿದ್ದಳು. ಎರಡನೆಯ ಸೀಸನ್ನಿನ ಕೊನೆಯಲ್ಲಿ ಅವಳು ಬಾಗಿಲ ಆಚೆ ನಿಂತು ಕೂಗುತ್ತಿರುವಾಗ ಮಾರ್ಕ್‌ನ ಆಫೀಸು ರೂಪ ಸಹೋದ್ಯೋಗಿ ಹೆಲ್ಲಿಯ ಕೈ ಹಿಡಿದು ಒಳಗೆ ಓಡಿತು. ಆ ಕೋಣೆಗಳು ಯಾತಕ್ಕಾಗಿ ಇದ್ದವು, ಅದರಿಂದ ಯಾರಿಗೆ ಏನು ಲಾಭ, ಇಷ್ಟು ಅನುಭವಿಸಿದ ಮೇಲೆ ಅವಳು ಯಾವ ಬದುಕಿಗೆ ಮರಳುತ್ತಾಳೆ ಎಂಬುದನ್ನು ಸರಣಿಯ ಸೃಷ್ಟಿಕರ್ತ ಡ್ಯಾನ್ ಎರಿಕ್ಸನ್ ಮತ್ತು ನಿರ್ಮಾಪಕ ಬೆನ್ ಸ್ಟಿಲ್ಲರ್ ಅವಳ ಕಡೆಯಿಂದಲೇ ಹೇಳಬೇಕು. ಮೂರನೆಯ ಸೀಸನ್ನಿನಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.